ಚಂದ್ರನನ್ನು ಹುಡುಕಿಕೊಂಡು ಹೋದ ಸಂಕಷ್ಟಿ

ಅದು ೨೦೦೭ರ ಬೇಸಿಗೆ. ಗೋಥೆನ್‌ಬರ್ಗಿನ ಅಂಚಿನ ಟೋರ್ಸ್‌ಲಾಂಡದ ಕಾರ್ಖಾನೆಯೊಂದರಲ್ಲಿ ಕಾರುಗಳ ಬ್ರೇಕಿನ ಬಗ್ಗೆ ಬಹುಕಾಲ ಚಿಂತಿಸಿ ನಾನು ನಿವೃತ್ತನಾಗಿದ್ದೆ. ನನ್ನಾಕೆ ವಿಮಲಾ ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಸ್ವೀಡನ್ನಿನ ಒಂದಿಡೀ ತಲೆಮಾರಿನ ಮೂಗು ಒರೆಸಿ ನಿವೃತ್ತಳಾಗಿದ್ದಳು. ಇಲ್ಲಿ ನಿವೃತ್ತರಾದವರು ಮನೆಗಾಡಿ ಕೊಂಡು ಊರೂರು ಅಲೆಯಬೇಕೆಂಬುದು ಅಲಿಖಿತ ಕಾನೂನು. ನಾವೂ ಅದಕ್ಕೆ ತಲೆಬಾಗಿ ಒಂದು ಹಳೆಯ ವ್ಯಾನು ಕೊಂಡೆವು. ಮಂಚ, ಒಲೆ, ಫ್ರಿಜ್ಜು, ದೇವರಿಗೊಂದು ಪುಟ್ಟ ಕಪಾಟು, ಎಲ್ಲ ಇತ್ತು. ಜುಲೈ ಮೊದಲಲ್ಲಿ ಉತ್ತರಕ್ಕೆ, ಸೂರ್ಯ ಮುಳುಗದ ಸೀಮೆಗೆ ಹೊರಟೆವು.

ಹೊರಡುವಾಗ ಒಂದು ಸಂಗತಿ ಇಬ್ಬರಿಗೂ ಹೊಳೆಯಲಿಲ್ಲ. ಹಿಂದಿನ ವರ್ಷ ನನಗೆ ಬೈಪಾಸ್ ಆಗಿತ್ತು. ಆಗ ವಿಮಲಾ ಒಂದು ವರ್ಷ ಸಂಕಷ್ಟಿ ಮಾಡುತ್ತೇನೆಂದು ಗಣಪತಿಗೆ ಹೇಳಿಕೊಂಡಿದ್ದಳು. ಹೃದಯ ನನ್ನದು, ಉಪವಾಸ ಅವಳದು. ಈ ಹಂಚಿಕೆಯಲ್ಲಿ ನನಗೆ ಯಾವ ಅನ್ಯಾಯವೂ ಕಂಡಿರಲಿಲ್ಲ. ತಿಂಗಳಿಗೊಮ್ಮೆ, ಹುಣ್ಣಿಮೆ ಕಳೆದ ಚೌತಿಯಂದು, ದಿನವಿಡೀ ಹಸಿದಿದ್ದು ಚಂದ್ರನನ್ನು ಕಣ್ಣಾರೆ ಕಂಡ ಮೇಲೆಯೇ ಊಟ. ವ್ರತ ಮುಗಿಸುವ ಕೊನೆಯ ಸಂಕಷ್ಟಿ ಬಂದಾಗ ನಾವು ಲ್ಯಾಪ್‌ಲ್ಯಾಂಡಿನ ಒಂದು ಸರೋವರದ ದಡದಲ್ಲಿ ಬೀಡುಬಿಟ್ಟಿದ್ದೆವು.

ಅಲ್ಲಿನ ಬೆಳಕನ್ನು ಹೇಗೆ ವಿವರಿಸಲಿ? ಸಂಜೆ ಬಂದು ಕುಳಿತದ್ದು ಎದ್ದು ಹೋಗುತ್ತಲೇ ಇರಲಿಲ್ಲ. ನೀರು ಜೇನಿನ ಬಣ್ಣಕ್ಕೆ ತಿರುಗಿ ಹಾಗೆಯೇ ನಿಂತಿತ್ತು. ಸೂರ್ಯ ಉತ್ತರದ ಅಂಚಿಗೆ ಬಂದು, ಕೆಳಗಿಳಿಯಲು ಮನಸ್ಸಿಲ್ಲದೆ, ಮರಗಳ ತುದಿ ಸವರುತ್ತಾ ಪಕ್ಕಕ್ಕೆ ಸರಿಯುತ್ತಿದ್ದ. ಚಂದ್ರ ಬರಬೇಕಾಗಿದ್ದ ಆಗ್ನೇಯ ದಿಕ್ಕಿಗೆ ಮಾತ್ರ ಒಂದು ಗುಡ್ಡ, ಗುಡ್ಡದ ಮೇಲೆ ಗೋಡೆ ಕಟ್ಟಿದಂತೆ ಸ್ಪ್ರೂಸ್ ಮರಗಳು.

ವಿಮಲಾ ಮೋದಕ ಮಾಡಿಟ್ಟು, ತಟ್ಟೆಯಲ್ಲಿ ಅಕ್ಷತೆ, ಹೂವು ಹಿಡಿದು ಗುಡ್ಡವನ್ನೇ ನೋಡುತ್ತಾ ನಿಂತಿದ್ದಳು. ಮಧ್ಯಾಹ್ನದಿಂದ ನೀರನ್ನೂ ಮುಟ್ಟಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ವ್ಯಾನಿನ ಬಾಗಿಲು ಹಿಡಿದು ಒಮ್ಮೆ ಕಣ್ಣು ಮುಚ್ಚಿದಾಗ ನನಗೆ ಹೆದರಿಕೆಯಾಯಿತು.

"ಬೆಂಗಳೂರಲ್ಲಿ ಚಂದ್ರ ಬಂದು ಎಷ್ಟು ಹೊತ್ತಾಯ್ತು ಮಾರಾಯ್ತಿ. ನಿಮ್ಮಕ್ಕ ಊಟ ಮಾಡಿ ಮಲಗಿರ್ತಾಳೆ. ಅದೇ ಟೈಮ್ ಹಿಡಿ, ಎರಡು ತುತ್ತು ತಿನ್ನು."

"ಅಲ್ಲಿ ಹುಟ್ಟಿದ ಚಂದ್ರನಿಗೆ ಇಲ್ಲಿ ಊಟಾನಾ?"

"ಚಂದ್ರ ಇರೋದೇ ಒಂದು."

"ಹಾಗಾದ್ರೆ ತೋರ್ಸಿ."

ಇಂಜಿನಿಯರನ ವಾದಕ್ಕೆ ಇದಕ್ಕಿಂತ ಸಮರ್ಪಕ ಉತ್ತರವನ್ನು ನಾನು ಯಾವ ಮೀಟಿಂಗಿನಲ್ಲೂ ಕೇಳಿಲ್ಲ. ತಟ್ಟೆಯ ಹೂವು ಸರಿಪಡಿಸುತ್ತಾ ಅವಳೇ ಮೆಲ್ಲಗೆ ಹೇಳಿದಳು: "ಇಷ್ಟು ದಿನ ನೋಡಿಯೇ ಮಾಡಿದೀನಿ ರೀ. ಕೊನೇದ್ರಲ್ಲಿ ಮೋಸ ಮಾಡಿ, ಆಮೇಲೆ ನಿಮಗೇನಾದ್ರೂ ಆದ್ರೆ?"

ನಾನು ದಡದುದ್ದಕ್ಕೂ ಅತ್ತಿತ್ತ ಓಡಾಡಿ ಮರಗಳ ಸಂದಿಯಲ್ಲಿ ಇಣುಕತೊಡಗಿದೆ.

ಪಕ್ಕದ ಮನೆಗಾಡಿಯಲ್ಲಿ ಒಬ್ಬಂಟಿಯಾಗಿ ತಿರುಗುತ್ತಿದ್ದ ಮುದುಕಿಯೊಬ್ಬಳಿದ್ದಳು, ಬ್ರಿತ್ತಾ ಎಂದು. ಬಂದಾಗಿನಿಂದ ನಮ್ಮ ನಡುವೆ "ಹೇಯ್" ಎಂಬ ಒಂದೇ ಪದದ ವಿನಿಮಯವಾಗಿತ್ತು. ಇಲ್ಲಿನ ಲೆಕ್ಕದಲ್ಲಿ ಅದು ಗಾಢ ಸ್ನೇಹ. ನಮ್ಮ ಪರದಾಟ ನೋಡಿ ಅವಳು ಹತ್ತಿರ ಬಂದು ಸ್ವೀಡಿಷಿನಲ್ಲಿ ಕೇಳಿದಳು: "ಏನಾದರೂ ಕಳೆದುಹೋಗಿದೆಯಾ?"

"ಚಂದ್ರ," ಎಂದೆ.

ಅವಳು ನಗಲಿಲ್ಲ. "ಯಾವಾಗಿನಿಂದ?" ಎಂದಳು.

ವಿಮಲಾ ವ್ರತದ ಕಥೆಯನ್ನು, ನನ್ನ ಎದೆಯ ಕಥೆಯನ್ನೂ ಸೇರಿಸಿ, ದಾಗಿಸ್ ಮಕ್ಕಳಿಗೆ ಹೇಳುವಂತೆ ಹೇಳಿದಳು. ಬ್ರಿತ್ತಾ ಗುಡ್ಡವನ್ನೊಮ್ಮೆ, ವಿಮಲಾಳ ಮುಖವನ್ನೊಮ್ಮೆ ನೋಡಿದಳು. "ಇಲ್ಲಿ ನಿಂತರೆ ಬೆಳಗಿನವರೆಗೂ ಕಾಣುವುದಿಲ್ಲ. ಗುಡ್ಡದ ಆಚೆ ಕಾಡು ಕಡಿದು ಬಯಲು ಮಾಡಿದ್ದಾರೆ. ನಡೆಯಿರಿ," ಎಂದು ಕೋಟು ತರಲು ಹೋದಳು.

ಮೂವರೂ ನಮ್ಮ ವ್ಯಾನಿನಲ್ಲಿ ಹೊರಟೆವು. ಕಾಡಿನ ಮಣ್ಣುರಸ್ತೆ. ಹಿಂದೆ ಪಾತ್ರೆಗಳು ತಾಳ ಹಾಕುತ್ತಿದ್ದವು. ಮೋದಕದ ಡಬ್ಬಿ ಬ್ರಿತ್ತಾಳ ತೊಡೆಯ ಮೇಲೆ. ಒಂದು ತಿರುವಿನಲ್ಲಿ ಹಿಮಸಾರಂಗಗಳ ಹಿಂಡು ರಸ್ತೆಯ ನಡುವೆ ನಿಂತಿತ್ತು. ನಾನು ಹಾರ್ನಿಗೆ ಕೈ ಹಾಕಿದೆ.

"ಬೇಡ ರೀ, ಅವುಗಳ ಪಾಡಿಗೆ ಹೋಗ್ಲಿ," ಎಂದಳು ವಿಮಲಾ.

ಇಂಜಿನ್ ಆರಿಸಿದೆ. ಆ ಹೊಂಬಣ್ಣದ ಬೆಳಕಿನಲ್ಲಿ ಅವು ನಿದ್ದೆಯಲ್ಲಿ ನಡೆಯುವವರ ಹಾಗೆ ಒಂದೊಂದಾಗಿ ದಾಟಿದವು. ಕಾಲಿನ ಗಂಟುಗಳು ಚಿಟಿಚಿಟಿ ಎನ್ನುವ ಸದ್ದು ಬಿಟ್ಟರೆ ಲೋಕದಲ್ಲಿ ಬೇರೆ ಸದ್ದಿರಲಿಲ್ಲ. ನಾನು ಎಚ್ಚರವಾಗಿದ್ದೇನೆಯೇ ಎಂದು ಖಚಿತಪಡಿಸಿಕೊಳ್ಳಲು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡೆ.

ಬಯಲು ತಲುಪಿದಾಗ ಚಂದ್ರ ಕಂಡ. ಮೊದಲು ಕಂಡವಳು ಬ್ರಿತ್ತಾ: "ಅಲ್ಲಿ!" ದೂರದ ಕಾಡಿನ ಮೇಲೆ, ತಿಳಿ ಆಕಾಶದಲ್ಲಿ, ಸುಡದ ಹಪ್ಪಳದ ತುಂಡಿನಂತೆ ಮಸುಕು ಚಂದ್ರ. ಬೆನ್ನ ಹಿಂದೆ ಸೂರ್ಯ. ಎರಡರ ನಡುವೆ, ಕಡಿದ ಮರಗಳ ಬುಡಗಳಲ್ಲಿ, ಮೂರು ಮುದಿ ಜೀವಗಳು ಮತ್ತು ಅಸಂಖ್ಯಾತ ಸೊಳ್ಳೆಗಳು. ವಿಮಲಾ ಅರ್ಘ್ಯ ಬಿಟ್ಟಳು. ಕೈ ಮುಗಿದು ತುಂಬಾ ಹೊತ್ತು ನಿಂತಳು. ಆಮೇಲೆ ಒಂದು ಮರದ ಬುಡದ ಮೇಲೆ ಕುಳಿತು, ನೀರು ಕುಡಿದು, ಮೋದಕವನ್ನು ಚಿಕ್ಕ ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ತಿಂದಳು. ಅವಳ ಮುಖಕ್ಕೆ ಬಣ್ಣ ಮರಳುವುದನ್ನು ನಾನು ನಿಂತು ನೋಡಿದೆ. ಚಂದ್ರೋದಯಕ್ಕಿಂತ ಅದೇ ಹೆಚ್ಚು ಚೆನ್ನಾಗಿತ್ತು.

ಬ್ರಿತ್ತಾಳಿಗೂ ಒಂದು ಮೋದಕ ಕೊಟ್ಟೆವು. "ಏನು ಬೇಡಿಕೊಂಡೆ?" ಎಂದು ಅವಳು ವಿಮಲಾಳನ್ನು ಕೇಳಿದಳು.

"ಏನೂ ಇಲ್ಲ. ಮುಗೀತಪ್ಪಾ ಅಂತ ಹೇಳ್ದೆ ಅಷ್ಟೆ."

ಬ್ರಿತ್ತಾ ನಿಧಾನವಾಗಿ ತಿಂದು ಬೆರಳು ಒರೆಸಿಕೊಂಡಳು. "ನನ್ನ ಗಂಡ ಸ್ಟಿಗ್‌ನದೂ ಹೃದಯವೇ," ಎಂದಳು. "ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತಿದ್ದೆ. ಮಾಡಲಿಕ್ಕೆ ಏನೂ ಇರಲಿಲ್ಲ. ಇಂಥದ್ದೊಂದಿದೆ ಎಂದು ಗೊತ್ತಿದ್ದರೆ ನಾನೂ ಹಸಿದಿರುತ್ತಿದ್ದೆ."

ವಿಮಲಾ ಸರಿದು ಅದೇ ಬುಡದ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟಳು. ಇಬ್ಬರೂ ಚಂದ್ರನನ್ನು ನೋಡುತ್ತಾ ಕುಳಿತರು. ನಾನು ಗಾಡಿಯ ಟೈರುಗಳನ್ನು ಪರೀಕ್ಷಿಸಿದೆ. ಅವು ಸರಿಯಾಗಿಯೇ ಇದ್ದವು.

ಮುಂದಿನ ತಿಂಗಳು ನಾವು ಗೋಥೆನ್‌ಬರ್ಗಿಗೆ ಮರಳಿದ್ದೆವು. ಚೌತಿಯ ಬೆಳಿಗ್ಗೆ ವಿಮಲಾ, ವ್ರತ ಮುಗಿದ ನಿರಾಳದಲ್ಲಿ, ಉಪ್ಪಿಟ್ಟು ಮಾಡಿ ಇಬ್ಬರಿಗೂ ಬಡಿಸಿದಳು. ನಾನು ತಟ್ಟೆ ಪಕ್ಕಕ್ಕಿಟ್ಟೆ.

"ಯಾಕ್ರೀ? ಎದೆ ಏನಾದ್ರೂ..."

"ಏನಿಲ್ಲ, ಹಸಿವಿಲ್ಲ," ಎಂದೆ.

ಡಾಕ್ಟರಿಗೆ ಫೋನ್ ಮಾಡಲು ಹೊರಟವಳನ್ನು ತಡೆಯಬೇಕಾಗಿ ಬಂತು, ನಿಜ ಹೇಳಬೇಕಾಯಿತು: ಇನ್ನು ಸಂಕಷ್ಟಿ ನನ್ನದು. ಅವಳು ನನ್ನನ್ನು ದಿಟ್ಟಿಸಿ, "ನಿಮಗಾಗಲ್ಲ ಬಿಡಿ," ಎಂದಳು. ಹೊಟ್ಟೆ ಆಗಲೇ ಚುರುಗುಟ್ಟುತ್ತಿತ್ತು. ಅವಳು ದಿನವಿಡೀ ಹೀಗಿದ್ದುದು ನನಗಾಗಿ ಎಂಬುದು ಆ ಬೆಳಿಗ್ಗೆ ಮೊದಲ ಸಲ ತಲೆಯಿಂದ ಹೊಟ್ಟೆಗಿಳಿಯಿತು. ಈಗಲೂ ತಿಂಗಳಿಗೊಮ್ಮೆ ಇಳಿಯುತ್ತದೆ.