ಯಾರದಾದರೂ ಒಂದು ಮೋಟರ್ ಸುಡಲಿ

ಮೂರು ವರ್ಷ, ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಲೇ, ಈ ಹೊತ್ತು ಯಾರದಾದರೂ ಒಂದು ಮೋಟರ್ ಸುಟ್ಟಿರಲಿ ಎಂದು ನಾನು ಹಾರೈಸಿದ್ದುಂಟು. ನಿಮ್ಮ ಹತ್ತಿರ ಮುಚ್ಚುಮರೆ ಏನು? ಹುಟ್ಟಾ ನಾನು ಕೆಟ್ಟವಳಲ್ಲ. ಇಂಡಿ ಪಟ್ಟಣದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳಿಕೊಂಡು, ನೆರೆಹೊರೆಯವರಿಗೆ ಹೆಪ್ಪಿಗೆ ಮಜ್ಜಿಗೆ ಕೊಟ್ಟುಕೊಂಡು ಇದ್ದವಳು. ಪಿಎಚ್‌ಡಿಗೆ ಹೆಸರು ಹಚ್ಚಿದ ಮೇಲೆ ಹೀಗಾದೆ.

ನನ್ನ ಸಂಶೋಧನೆಯ ವಿಷಯ ಇಂಗ್ಲಿಷಿನಲ್ಲಿ ಎರಡು ಸಾಲು ಉದ್ದವಿದೆ. ಕನ್ನಡದಲ್ಲಿ ಹೇಳಿದರೆ ಇಷ್ಟೇ: ನೀರೆತ್ತುವ ಮೋಟರ್ ಸುಡುವ ಮೊದಲೇ, ಅದು ಸುಡುತ್ತದೆಂದು ಹೇಳುವುದು. ವೈದ್ಯರು ನಾಡಿ ಹಿಡಿದ ಹಾಗೆ, ಮೋಟರಿಗೆ ಹರಿಯುವ ಕರೆಂಟಿನ ಅಲೆಯನ್ನು ಊಟದ ಡಬ್ಬಿಯಷ್ಟು ದೊಡ್ಡ ಯಂತ್ರವೊಂದು ಅಳೆದು ನನ್ನ ಫೋನಿಗೆ ಕಳಿಸುತ್ತದೆ. ಒಳಗೆ ಬೇರಿಂಗ್ ಸವೆದರೆ ಅಲೆಯ ಪಕ್ಕದಲ್ಲಿ ಸಣ್ಣ ಹಲ್ಲು ಮೂಡುತ್ತದೆ. ಹಲ್ಲು ಬೆಳೆಯಿತೆಂದರೆ ಬೇರಿಂಗ್ ಕಚ್ಚಿಕೊಂಡು ತಂತಿಯ ಸುತ್ತು ಸುಡುತ್ತದೆ, ಮೋಟರಿನ ಆಯುಷ್ಯ ಮುಗಿಯಿತು.

ಲ್ಯಾಬಿನಲ್ಲಿ ನಾನು ಬೇಕಾದಷ್ಟು ಮೋಟರ್ ಸುಟ್ಟಿದ್ದೆ. ಆದರೆ ನನ್ನ ಗೈಡ್ ಒಪ್ಪಲಿಲ್ಲ. ಅವರು ಸಜ್ಜನರು, ತೂಕದ ಮನುಷ್ಯರು, ಸಾಕ್ಷಿಯಿಲ್ಲದೆ ಸೂರ್ಯ ಹುಟ್ಟಿದನೆಂದರೂ ನಂಬುವವರಲ್ಲ. "ನೀವ ಸುಟ್ಟಿದ್ದು ಸಾಕ್ರಿ. ಹೊಲದಾಗ ತಾನ ಸುಟ್ಟಿದ್ದು ಒಂದರೆ ತೋರಸ್ರಿ. ಸುಡತೈತಿ ಅಂತ ನೀವು ಮೊದಲ ಹೇಳಿರಬೇಕು, ಆಮ್ಯಾಲ ಅದು ಸುಟ್ಟಿರಬೇಕು" ಎಂದರು. ವಿಶ್ವವಿದ್ಯಾಲಯ ಕಡೆಯ ಸಲ ಗಡುವು ಮುಂದೂಡಿ, ಯುಗಾದಿಯೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು ಎಂದಿತ್ತು. ಏಳು ವರ್ಷದ ದುಡಿಮೆ ಒಂದು ಸುಟ್ಟ ಮೋಟರಿಗೆ ಜೋತು ಬಿದ್ದಿತು.

ಇಂಗಳೇಶ್ವರ, ಮುಳವಾಡ, ಮುದ್ದೇಬಿಹಾಳದ ಆಚೆಯ ಎರಡು ಹಳ್ಳಿ, ಆಲಮೇಲ ಎಂದು ಊರೂರು ಅಲೆದು ಹನ್ನೊಂದು ಮೋಟರುಗಳಿಗೆ ಡಬ್ಬಿ ಕಟ್ಟಿ ಬಂದೆ. ನಮ್ಮ ಕಡೆ ಮೋಟರ್ ಸುಡುವುದು ನೆಗಡಿ ಬಂದಷ್ಟೇ ಮಾಮೂಲು. ವೋಲ್ಟೇಜ್ ಇಳಿದಾಗ ಸುಡುತ್ತದೆ, ಏರಿದಾಗ ಸುಡುತ್ತದೆ, ಮೂರರಲ್ಲಿ ಒಂದು ಫೇಸ್ ಕೈಕೊಟ್ಟರೂ ಸುಡುತ್ತದೆ. ಆದರೆ ನನ್ನ ಹನ್ನೊಂದು? ಒಂದೂ ಕೆಮ್ಮಲಿಲ್ಲ, ಒಂದೂ ಸೀನಲಿಲ್ಲ. ಡಬ್ಬಿ ನೋಡಿ ರೈತರೆಲ್ಲ ಎಚ್ಚರಾಗಿಬಿಟ್ಟಿದ್ದರು. ಅಕ್ಕೋರು, ಅಂದರೆ ನಾನು, ಕುಂತಲ್ಲೇ ನೋಡುತ್ತಾರೆಂದು ಒಬ್ಬರು ಸ್ಟಾರ್ಟರಿನ ಧೂಳು ಒರೆಸಿದರು, ಇನ್ನೊಬ್ಬರು ಹಳೆಯ ವೈರು ಕಿತ್ತು ಹೊಸದು ಎಳೆದರು. ಮುಳವಾಡದವರೊಬ್ಬರು ಫೋನ್ ಮಾಡಿ, "ನಿಮ್ಮ ಡಬ್ಬಿ ಭಾಳ ಗುಣದ್ದು ಐತ್ರಿ, ಹಚ್ಚಿದಾಗಿಂದ ಮೋಟರ್ ಒಮ್ಮೆನೂ ಕೆಟ್ಟಿಲ್ಲ. ನಮ್ಮ ಬೀಗರಿಗೂ ಒಂದು ಕೊಡ್ರಿ" ಎಂದು ಕೇಳಿದರು. ನಾನು ಹಲ್ಲು ಕಚ್ಚಿಕೊಂಡು ಧನ್ಯವಾದ ಹೇಳಿದೆ.

ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಲೋಕ ಕಂಡಿದೆ. ಮನೆ ಇನ್ನೂ ಯಾಕೆ ಉರಿಯಲೊಲ್ಲದು ಎಂದು ಗಳಕ್ಕಾಗಿ ಕಾದು ಕುಳಿತವಳು ನಾನೊಬ್ಬಳೇ ಇರಬೇಕು. ನಮ್ಮ ಅತ್ತೆಯವರು ಮರಾಠಿ ಮನೆತನದವರು. ನನ್ನ ಬಾಡಿದ ಮುಖ ನೋಡಲಾರದೆ ವಿಠ್ಠಲನಿಗೆ ಹರಕೆ ಹೊರಲು ಕೂತರು. ಕೂತವರು ಅರ್ಧಕ್ಕೇ ಎದ್ದು ಬಂದರು. "ಮತ್ತೊಬ್ಬರ ಮೋಟರ್ ಸುಡಲಿ ಅಂತ ದೇವರಿಗೆ ಹ್ಯಾಂಗ ಕೇಳಬೇಕ, ಸುಧಾ? ನಾಚಿಕಿ ಬರ್ತದ. ನಿನ್ನ ಗೈಡಿಗೆ ಬುದ್ಧಿ ಕೊಡು ಅಂತ ಕೇಳೇನಿ" ಎಂದರು.

ಈ ವಿಷಯದಲ್ಲಿ ಜ್ಯೋತಿಷಿಗಳು ನಮಗಿಂತ ಜಾಣರು. ಗಂಡಾಂತರ ಇದೆ ಎನ್ನುತ್ತಾರೆ, ಕೂಡಲೇ ಶಾಂತಿ ಮಾಡಿಸಿ ಎನ್ನುತ್ತಾರೆ. ಗಂಡಾಂತರ ಬಂದರೆ ಜ್ಯೋತಿಷ್ಯ ಗೆದ್ದಿತು, ಬರದಿದ್ದರೆ ಶಾಂತಿ ಗೆದ್ದಿತು. ಅವರನ್ನು ಯಾವ ಗೈಡೂ ಕೂರಿಸಿಕೊಂಡು ಸಾಕ್ಷಿ ಕೇಳುವುದಿಲ್ಲ. ಎಂಜಿನಿಯರಿಂಗ್ ಕಟ್ಟಿದವರು ಇಂಥದೊಂದು ಹಿಂಬಾಗಿಲು ಇಟ್ಟುಕೊಳ್ಳದೆ ದೊಡ್ಡ ತಪ್ಪು ಮಾಡಿದ್ದಾರೆ.

ಯುಗಾದಿಗೆ ಐದು ವಾರ ಉಳಿದಿತ್ತು. ಒಂದು ಸೋಮವಾರ ಮೊದಲ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿನಲ್ಲಿ ಚಹಾ ಹಿಡಿದು ಫೋನ್ ನೋಡಿದೆ. ಆಲಮೇಲದ ರಾಜೇಸಾಬ್ ಕಾಕಾ ಅವರ ಮೋಟರಿನಲ್ಲಿ ಹಲ್ಲು ಮೂಡಿತ್ತು. ಶನಿವಾರ ಸಾಸಿವೆಕಾಳಿನಷ್ಟಿದ್ದುದು ಈಗ ಜೋಳದ ಕಾಳಿನಷ್ಟಾಗಿತ್ತು. ಲ್ಯಾಬಿನಲ್ಲಿ ಇಂಥದನ್ನು ಹತ್ತಾರು ಸಲ ಕಂಡಿದ್ದೆ. ಹೆಚ್ಚೆಂದರೆ ಎರಡು ದಿನ.

ಎದೆ ಹಾರಿದ್ದು ಸಂತೋಷಕ್ಕೆ, ಸುಳ್ಳೇಕೆ ಹೇಳಲಿ? ನಾನು ಏನೂ ಮಾಡಬೇಕಾಗಿರಲಿಲ್ಲ. ಗೈಡಿಗೆ ಎರಡು ಸಾಲು ಕಳಿಸಿ ಸುಮ್ಮನಿದ್ದರೆ ಸಾಕು, ಬುಧವಾರ ಮೋಟರ್ ಸುಡುತ್ತಿತ್ತು, ನಾನು ಡಾಕ್ಟರ್ ಆಗುತ್ತಿದ್ದೆ. ಕಾಕಾ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಅವರ ಕಬ್ಬು ಬಿಸಿಲಿಗೆ ನಿಂತಿತ್ತು. ಪೂರಾ ಸುಟ್ಟ ಮೋಟರ್ ರಿಪೇರಿಗೆ ಹೋದರೆ ವಾರಗಟ್ಟಲೆ ನೀರಿಲ್ಲ. ಡಬ್ಬಿ ಕಟ್ಟಲು ಹೋದ ದಿನ ಅವರು ಬದುವಿನ ಮೇಲೆ ಕೂರಿಸಿ ಉಣಿಸಿದ್ದ ಸಜ್ಜಿ ರೊಟ್ಟಿ, ನಂಚಿಕೊಳ್ಳಲು ಕೊಟ್ಟ ಶೇಂಗಾ ಹಿಂಡಿ ನೆನಪಾದವು. ಚಹಾ ಆರುವವರೆಗೆ ಹಾಗೇ ಕುಳಿತೆ. ಆ ಹತ್ತು ನಿಮಿಷದ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಆಮೇಲೆ ಫೋನ್ ಹಚ್ಚಿದೆ.

"ಕಾಕಾ, ಮೋಟರ್ ಬಂದ್ ಮಾಡ್ರಿ. ಬೇರಿಂಗ್ ಹೋಗೇತಿ. ಇನ್ನೆರಡು ದಿನದಾಗ ಸುಡತೈತಿ."

"ಖರೇನ ಸುಡತೈತೇನ್ರಿ?"

"ಖರೇನ ರೀ."

"ಹಂಗಾರ ಚಲೋ ಆತಲ್ರಿ ಅಕ್ಕೋರ! ನಿಮಗ ಸುಟ್ಟಿದ್ದು ಒಂದು ಬೇಕಾಗೇತಿ ಅಂತ ಹೋದ ಸಲ ಬಂದಾಗ ಅಂದಿದ್ರಿ. ಓಡ್ಲಿ ಬಿಡ್ರಿ. ಕಬ್ಬು ಎಂಟ್ಹತ್ತು ದಿನ ತಡಿತೈತಿ. ನಿಮ್ಮ ಏಳು ವರ್ಷ ಹಾಳಾಗೂದು ಬ್ಯಾಡ."

ನಾನು ಫೋನಿನಲ್ಲೇ ಜಗಳ ತೆಗೆದೆ. ಬಂದ್ ಮಾಡಿರೆಂದು ನಾನು, ಸುಡಲಿ ಬಿಡಿ ಎಂದು ಅವರು. "ಇವತ್ತೊಂದು ದಿನ ನೋಡೂಣ್ರಿ" ಎಂದು ಚೌಕಾಶಿಗೂ ಇಳಿದರು. ಕೊನೆಗೆ, ಸುಟ್ಟರೆ ನಿಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೆದರಿಸಿದ ಮೇಲೆ, "ಭಾಳ ಹಟಮಾರಿ ಅದೀರಿ" ಎಂದು ಗೊಣಗುತ್ತ ಮೋಟರಿನ ಬಂದ್ ಬಟನ್ ಒತ್ತಿದರು.

ಮರುದಿನ ಸಿಂದಗಿಯ ವೈಂಡಿಂಗ್ ಅಂಗಡಿಯಲ್ಲಿ ಮೋಟರ್ ಬಿಚ್ಚಿದಾಗ ಬೇರಿಂಗ್ ಪುಡಿಯಾಗಿ ಉದುರಿತು. ಸುಡಬೇಕಿದ್ದ ತಂತಿಯ ಸುತ್ತು ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಸಂಜೆಯೊಳಗೆ ಹೊಸ ಬೇರಿಂಗ್ ಬಿತ್ತು, ಬುಧವಾರ ಕಬ್ಬಿಗೆ ನೀರು ಹರಿಯಿತು.

ಫೋಟೋಗಳನ್ನು ಹಿಡಿದು ಗೈಡ್ ಹತ್ತಿರ ಹೋದೆ. ಅವರು ಬಹಳ ಹೊತ್ತು ನೋಡಿದರು. "ಬೇರಿಂಗ್ ಹೋಗಿದ್ದು ಖರೆ. ಆದ್ರ ಸುಡತಿತ್ತು ಅನ್ನೂದಕ್ಕ ಇದು ಸಾಕ್ಷಿ ಅಲ್ರಿ" ಎಂದರು. ಆಮೇಲೆ ಕನ್ನಡಕ ತೆಗೆದು, ದೊಡ್ಡದಾಗಿ ನಿಟ್ಟುಸಿರು ಬಿಟ್ಟು, ಹೊಲದ ಅಧ್ಯಾಯವನ್ನು ನಾಲ್ಕು ಪುಟಕ್ಕೆ ಇಳಿಸಿ, ಇಷ್ಟೇ ಕಂಡದ್ದು ಎಂದು ಬರೆದು ಸಲ್ಲಿಸಲು ಒಪ್ಪಿದರು. ಅತ್ತೆಯವರ ಪ್ರಾರ್ಥನೆ ಫಲಿಸಿದ್ದೆಂದು ನಮ್ಮ ಮನೆಯಲ್ಲಿ ಲೆಕ್ಕ.

ಒಂದೇ ತೊಡಕು ಉಳಿಯಿತು. ನಮ್ಮ ಶಾಸ್ತ್ರದ ನಿಯಮದಂತೆ, ಸುಡುತ್ತದೆಂದು ಹೇಳಿದ ಮೋಟರ್ ಸುಡದಿದ್ದರೆ ಅದನ್ನು ಸುಳ್ಳು ಎಚ್ಚರಿಕೆ ಎಂಬ ಕಾಲಮ್ಮಿಗೆ ಹಾಕಬೇಕು. ಅಂದರೆ ಅದು ನನ್ನ ವಿಧಾನದ ಸೋಲು. ಕಾಕಾ ಅವರ ಮೋಟರನ್ನು ಪಟ್ಟಿಯಿಂದಲೇ ಕೈಬಿಟ್ಟರೆ ಆ ಕಾಲಮ್ಮಿನಲ್ಲಿ ಸೊನ್ನೆ ಉಳಿಯುತ್ತದೆ, ಪರೀಕ್ಷಕರು ಮೆಚ್ಚುತ್ತಾರೆ ಎಂದು ಗೈಡ್ ಮೆಲ್ಲಗೆ ಸೂಚಿಸಿದರು. ಬೇಡ ಸರ್, ಇರಲಿ ಎಂದೆ.

ಯುಗಾದಿಗೆ ಮೂರು ದಿನ ಮೊದಲು ಪ್ರಬಂಧ ಸಲ್ಲಿಸಿದೆ. ಅದರಲ್ಲಿ ನೂರಾರು ಅಂಕಿಗಳಿವೆ, ಎಲ್ಲವೂ ನನ್ನ ಲೆಕ್ಕ ಎಷ್ಟು ಸರಿ ಎಂದು ಸಾರಲು ನಿಂತಿವೆ. ಸುಳ್ಳು ಎಚ್ಚರಿಕೆಯ ಕಾಲಮ್ಮಿನಲ್ಲಿ ಮಾತ್ರ ಒಂದು ಎಂಬ ಅಂಕಿ ಇದೆ, ಕಾಕಾ ಅವರ ಮೋಟರಿನದು. ಯಾರಾದರೂ ಪ್ರಬಂಧ ತೋರಿಸಿ ಎಂದರೆ ನಾನು ಮೊದಲು ತೆರೆಯುವುದು ಆ ಪುಟವನ್ನೇ.