ಹಲ್ಲಿನ ಗುರುತಿದ್ದ ಸ್ಕ್ರೂಡ್ರೈವರ್

ಅವರ ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಯ ತುಂಬ ಹಲ್ಲಿನ ಗುರುತುಗಳಿದ್ದವು. ಅದರ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂಡುತ್ತಿದ್ದರು ನಮ್ಮ ಮಿಸ್ತ್ರಿ. ಸದ್ದು ಹಲ್ಲಿನಿಂದ ತಲೆಗೇರಬೇಕು. ಇನ್ನೊಂದು ಸಣ್ಣ ಸ್ಕ್ರೂಡ್ರೈವರಿನಿಂದ ಕಾರ್ಬುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವರು, ಕೇಳುವರು, ಮತ್ತೆ ತಿರುಗಿಸುವರು. ಹೊಸಬರು ನೋಡಿದರೆ ಪಾಪ, ಹಲ್ಲುನೋವೇನೋ ಅಂದುಕೊಳ್ಳಬೇಕು.

ಅರವತ್ತರ ದಶಕದಲ್ಲಿ ನಾನು ಇಚಲಕರಂಜಿಯಲ್ಲಿ ನೂಲಿನ ದಲ್ಲಾಳಿ. ಕಬನೂರಿನ ಮಗ್ಗದ ಶೆಡ್ಡುಗಳಿಂದ ಗಡಹಿಂಗ್ಲಜದವರೆಗೆ ಸ್ಯಾಂಪಲ್ ಹೊತ್ತು ತಿರುಗಲು ಒಂದು ಹಳೆಯ ವಿಲಾಯತಿ ಮೊಪೆಡ್ ಕೊಂಡಿದ್ದೆ. ಅದು ನನ್ನನ್ನು ಹೊತ್ತದ್ದಕ್ಕಿಂತ ನಾನು ಅದನ್ನು ತಳ್ಳಿದ್ದೇ ಹೆಚ್ಚು. ನನ್ನ ಆಸ್ತಿ ಅದೊಂದೇ, ಆದರೂ ಮಿಸ್ತ್ರಿ ನನ್ನನ್ನು ಕರೆಯುತ್ತಿದ್ದುದು ಸಾವಕಾರ್ರ ಎಂದೇ. ಆಗೆಲ್ಲ ನಾನಿನ್ನೂ ಅವರ ಅಂಗಡಿಯ ರಸ್ತೆಯ ತಿರುವಿನಲ್ಲಿರುವಾಗಲೇ ಸದ್ದಿನಿಂದ ಅವರಿಗೆ ಗಾಡಿಯ ಕಾಯಿಲೆ ಗೊತ್ತಾಗಿರುತ್ತಿತ್ತು.

“ಯಾಕ್ರಿ ಸಾವಕಾರ್ರ, ಗಾಡಿನ್ನ ಉಪಾಸ ಕೆಡವೀರಿ?” ಎಂದರೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. “ಭಾಳ ಉಂಡೈತ್ರಿ, ಅಜೀರ್ಣ ಆಗೈತಿ” ಎಂದರೆ ಅದರ ಉಲ್ಟಾ.

ಮಿಸ್ತ್ರಿ ಮೊದಲು ಹನ್ನೆರಡು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡಿದವರು. ಆ ಖಟಖಟದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದು. ತುಟಿ ನೋಡಿ ತಿಳಿದುಕೊಳ್ಳುವುದು ಅಲ್ಲಿಯವರ ರೂಢಿ. ಹಾಗಾಗಿ ಅವರ ಕಿವಿ ಹೋಗುತ್ತಿರುವುದು ನಮಗೆ ಬಹಳ ದಿನ ಗೊತ್ತೇ ಆಗಲಿಲ್ಲ. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ. ಕಿವಿ ಹೋಗುತ್ತಿದೆಯೆಂದು ಅವರಿಗೆ ಮಾತ್ರ ತಿಳಿದಿತ್ತು. ಆದರೆ ಹಲ್ಲಿಗೆ ಇನ್ನೂ ಕೇಳುತ್ತದೆಂದು ನಂಬಿದ್ದರು.

ಗುಟ್ಟು ಬಿಟ್ಟುಕೊಟ್ಟದ್ದು ಗಾಡಿಗಳು. ಅವರು ಹದ ಮಾಡಿಕೊಟ್ಟ ನನ್ನ ಮೊಪೆಡ್ ಗಡಹಿಂಗ್ಲಜದ ದಾರಿಯ ಏರಿನಲ್ಲಿ ಮೂರು ಸಲ ಕೈಕೊಟ್ಟಿತು. ಕೊಲ್ಹಾಪುರದ ಇನ್ನೊಬ್ಬ ಮೆಕ್ಯಾನಿಕ್ ಐದು ನಿಮಿಷದಲ್ಲಿ ಅದನ್ನು ಸರಿ ಮಾಡಿದ. ಚಹಾದಂಗಡಿಯಲ್ಲಿ ಬಾಯಿ ಬಿಟ್ಟರೆ ಎಲ್ಲ ಗಿರಾಕಿಗಳದೂ ಇದೇ ಕತೆ. ಆಮೇಲೂ ನಾವು ಮೊದಲು ಮಿಸ್ತ್ರಿಯ ಹತ್ತಿರವೇ ಹೋಗುತ್ತಿದ್ದೆವು, ಗಾಡಿ ಸರಿಯಾಯಿತೆಂದು “ಬರೋಬ್ಬರ್ ಆತ್ರಿ” ಎನ್ನುತ್ತಿದ್ದೆವು, ನಂತರ ಕದ್ದು ಕೊಲ್ಹಾಪುರಕ್ಕೆ ಹೋಗುತ್ತಿದ್ದೆವು. ದೊಡ್ಡ ಉಪಕಾರ ಮಾಡುತ್ತಿದ್ದೇವೆಂದು ನಮ್ಮ ತಿಳುವಳಿಕೆ.

ಒಂದು ಮಧ್ಯಾಹ್ನ ಬ್ರೇಕಿನ ತಂತಿ ಹರಿದಿದೆಯೆಂದು ಹೋದೆ. ತಂತಿ ಹಾಕಿದ ಮಿಸ್ತ್ರಿ ಅಷ್ಟಕ್ಕೇ ಬಿಡದೆ ಇಂಜಿನ್ನಿನ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರು. ಅದರ ತುದಿ ಚಹಾದ ಬಣ್ಣಕ್ಕೆ ಬಂದಿತ್ತು. ಪೆಟ್ರೋಲು, ಗಾಳಿ ಹದವಾಗಿದ್ದರೆ ಆ ಬಣ್ಣ ಬರುತ್ತದೆ. ತಮ್ಮ ಕೈಯ ಹದವೇ ಎಂದು ಅವರ ಮುಖ ಅರಳಿತು. ಆಮೇಲೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸುತ್ತ ಸುತ್ತು ಎಣಿಸಿದರು. ಯಾರ ಗಾಡಿಯ ಸ್ಕ್ರೂ ಎಷ್ಟು ಸುತ್ತಿಗೆ ಬಿಟ್ಟಿದ್ದೇನೆಂಬುದು ಅವರಿಗೆ ಬಾಯಿಪಾಠ. ಅವರು ಬಿಟ್ಟಲ್ಲಿ ಅದು ಇರಲಿಲ್ಲ.

“ಯಾರ್ ಮಾಡ್ಯಾರ್ರಿ ಇದನ್ನ?”

ತುಟಿ ಕಾಣದಂತೆ ತಲೆ ತಗ್ಗಿಸಿದೆ.

“ಛಲೋ ಮಾಡ್ಯಾರ,” ಎಂದರು. “ಎಷ್ಟ್ ದಿನಾತ್ರಿ?”

ತಲೆ ಎತ್ತಿ ಹೇಳಿದೆ, “ಕೊಲ್ಹಾಪುರದಾಂವ್ರಿ. ಒಂದ್ ವರ್ಷ ಆತ್ರಿ.”

“ಎಲ್ಲಾರೂ?”

ಹೌದೆಂದು ತಲೆಯಾಡಿಸಿದೆ.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಒಬ್ರರೆ ಹೇಳಬೇಕಿತ್ರಿ,” ಎಂದರು. “ಕಿವಿ ಹೋಗ್ಯಾವ, ಕಣ್ಣೇನ್ ಹೋಗಿಲ್ಲ. ಹೇಳಿದ್ರ ಪ್ಲಗ್ಗಿನ ಬಣ್ಣಾ ನೋಡ್ಕೋಂತ ಮಾಡ್ತಿದ್ದೆ. ನೀವೆಲ್ಲಾ ಬರೋಬ್ಬರ್ ಅಂದ್ರಿ, ನಾ ಹಲ್ಲನ್ನ ನಂಬಿದೆ.”

ಆಮೇಲೆ ಪ್ಲಗ್ ಹಾಕಿ, ಇಂಜಿನ್ ಸುರು ಮಾಡಿ, ಹಿಡಿ ಕಚ್ಚಿ ಕೂತರು. ಸ್ಕ್ರೂ ತಿರುಗಿಸಿದರು, ಕೇಳಿದರು, ತಿರುಗಿಸಿದರು. ಕೊನೆಗೆ ಹಿಡಿಯನ್ನು ಬಾಯಿಂದ ತೆಗೆದು ನನ್ನ ತುಟಿಯನ್ನೇ ನೋಡಿದರು.

“ಈಗ ಖರೇ ಹೇಳ್ರಿ ಸಾವಕಾರ್ರ. ಹ್ಯಾಂಗೈತಿ?”

ಇಂಜಿನ್ ಕೆಮ್ಮುತ್ತ ಕುಂಟುತ್ತಿತ್ತು. ಆಚೆಯ ಚಹಾದಂಗಡಿಯವನು ಕೂಡ ತಿರುಗಿ ನೋಡಿದ. ನಾನು ಬಾಯಿ ತೆರೆದೆ. ದೇವರಾಣೆ, ಖರೇ ಹೇಳಬೇಕೆಂದೇ ತೆರೆದೆ. ಆದರೆ ಬಂದದ್ದು, “ಬರೋಬ್ಬರ್ ಐತ್ರಿ.”

ಮಿಸ್ತ್ರಿ ಚಹಾದಂಗಡಿಯವನ ಮುಖವನ್ನೂ ಒಮ್ಮೆ ನೋಡಿ, ಹಿಡಿಯನ್ನು ಅಂಗಿಯ ತುದಿಗೆ ಒರೆಸಿ ಸ್ಕ್ರೂಡ್ರೈವರನ್ನು ಗೋಡೆಗೆ ಸಿಕ್ಕಿಸಿದರು. “ಆತ್ರಿ. ಕೊಲ್ಹಾಪುರದವಗ ಒಮ್ಮಿ ತೋರಿಸ್ಕೊಂಡ ಹೋಗ್ರಿ,” ಎಂದರು.

ಆ ತಿಂಗಳೇ ಅಂಗಡಿ ಮುಚ್ಚಿ ತಮ್ಮೂರು ದತ್ತವಾಡಕ್ಕೆ ಹೊರಟುಹೋದರು. ಒಮ್ಮೆ ಹೋಗಿ ಕಾಣಬೇಕೆಂದುಕೊಂಡೆ. ಎದುರು ಕೂತು ಏನು ಹೇಳುವುದೆಂದು ತಿಳಿಯದೆ ಮುಂದೂಡಿದೆ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿಯೇ ಬಂತು.

ಈಗ ನನ್ನ ಕಿವಿಯೂ ಮಂದವಾಗಿದೆ. ಮನೆಯಲ್ಲಿ ಮಕ್ಕಳು ಸೊಸೆಯಂದಿರು ನಾನು ಹೇಳಿದ್ದಕ್ಕೆಲ್ಲ ಹೌದ್ರಿ ಹೌದ್ರಿ ಎನ್ನುತ್ತಾರೆ. ನಾನು ಅವರ ತುಟಿಯನ್ನೇ ನೋಡುತ್ತ ಕೂಡುತ್ತೇನೆ. ಖರೇ ಹೇಳ್ರಿ ಎಂದು ಕೇಳುವ ಧೈರ್ಯ ಮಾತ್ರ ನನಗಿಲ್ಲ.