ಎಕ್ಸಲೇಟರ್ ಯಾವ ಕೈಗೆ

ಇವತ್ತು ಬೆಳಿಗ್ಗೆ ನಮ್ಮವರ ಮಂಡಿಗೆ ಹಚ್ಚೋಣವೆಂದು ಹರಳೆಣ್ಣೆ ಬಿಸಿಗಿಟ್ಟಿದ್ದೆ. ಅಷ್ಟರಲ್ಲಿ ಫೋನ್ ಬಂತು, ಮಾತಾಡುತ್ತಾ ನಿಂತುಬಿಟ್ಟೆ, ಎಣ್ಣೆ ಕಾದು ಹೊಗೆಯಾಡಿತು. ಆ ವಾಸನೆಗೆ ನಿಮಗೆ ಎಣ್ಣೆಸ್ನಾನವೋ ಬಾಣಂತಿ ಕೋಣೆಯೋ ನೆನಪಾದೀತು. ನನಗೆ ನೆನಪಾಗುವುದು ವಿಮಾನ. ನಗಬೇಡಿ. ರೇಡಿಯೊದಿಂದ ಹಾರಿಸುವ ಪುಟ್ಟ ವಿಮಾನದ ಇಂಜಿನ್ನಿಗೆ ಸ್ಪಿರಿಟ್ಟಿನಲ್ಲಿ ಹರಳೆಣ್ಣೆ ಬೆರೆಸಿ ಕುಡಿಸುತ್ತಿದ್ದ ಕಾಲವೊಂದಿತ್ತು. ಹಾರಿಸಿ ಮನೆಗೆ ಬಂದರೆ ಸೆರಗೆಲ್ಲ ಇದೇ ಸುಟ್ಟ ವಾಸನೆ. ಸೆರಗು ನನ್ನದೇ. ಇಷ್ಟು ಬರೆಯುವುದಕ್ಕೂ ಈಗ ಕಿವಿ ಬಿಸಿಯಾಗುತ್ತಿದೆ.

ಹೊಸ ಶತಮಾನ ಹುಟ್ಟಿದ ಆಸುಪಾಸಿನ ಮಾತು. ನಮ್ಮವರು ಭದ್ರಾವತಿಯಲ್ಲಿ ಕಾರ್ಖಾನೆಯ ಅಕೌಂಟ್ಸ್ ಸೆಕ್ಷನ್ನಿನಲ್ಲಿದ್ದರು, ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನಾನು ಜನ್ನಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಮಕ್ಕಳನ್ನು ಶಿವಮೊಗ್ಗಕ್ಕೆ ವಿಜ್ಞಾನ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದಾಗ ಅಲ್ಲಿ ಹಲ್ಲಿನ ಡಾಕ್ಟರೊಬ್ಬರು ತಾವೇ ಕಟ್ಟಿದ ವಿಮಾನ ಹಾರಿಸಿ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿ ಐಸ್‌ಕ್ಯಾಂಡಿಯ ಗಾಡಿಯ ಕಡೆ ಓಡಿದರು. ಮೇಡಂ ಮಾತ್ರ ಬಾಯಿ ಬಿಟ್ಟುಕೊಂಡು ಅಲ್ಲೇ ನಿಂತಿದ್ದರು. ಡಾಕ್ಟರಿಗೆ ಪಾಪ ಅನ್ನಿಸಿರಬೇಕು. ವಿಮಾನ ನಡೆಸುವ ರೇಡಿಯೊ ಸೆಟ್ಟನ್ನು ಕೊರಳಿಂದ ತೆಗೆದು ನನ್ನ ಕಡೆ ಚಾಚಿ, “ಹಿಡ್ಕೊಂಡು ನೋಡ್ತೀರಾ?” ಎಂದರು. ಹಿಡಿದುಕೊಂಡೆ, ಅಲ್ಲಿಗೆ ಕೆಟ್ಟೆ.

ಮುಂದಿನ ಎಷ್ಟೋ ಭಾನುವಾರ ಡಾಕ್ಟರ ಹಳೆಯ ಸೆಟ್ಟಿನಲ್ಲಿ ಕಲಿತೆ. ಅಕ್ಕಪಕ್ಕದವರಿಗೆ “ಹಲ್ಲಿನ ಡಾಕ್ಟರ ಹತ್ರ ಹೋಗ್ಬರ್ತೀನಿ” ಎಂದಷ್ಟೇ ಹೇಳುತ್ತಿದ್ದೆ. ಅದು ಸುಳ್ಳಲ್ಲ ನೋಡಿ. ಆದರೆ ಕೆಲವು ತಿಂಗಳಾದ ಮೇಲೆ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ, “ಅಲ್ಲ ಮಾರಾಯ್ತಿ, ಇನ್ನೂ ಹಲ್ಲು ಉಳಿದಿದಾವಾ ನಿಂಗೆ?” ಎಂದು ಕೇಳಿದಳು. ಮದುವೆಯಾದ ಹೆಂಗಸು, ಶಾಲೆಯ ಮೇಡಂ, ಸೀರೆ ಎತ್ತಿ ಸಿಕ್ಕಿಸಿಕೊಂಡು ಬಯಲಿನಲ್ಲಿ ವಿಮಾನದಾಟ ಆಡುತ್ತಾಳೆ ಅನ್ನಿಸಿಕೊಳ್ಳುವುದಕ್ಕಿಂತ ಬೊಚ್ಚುಬಾಯಿಯವಳು ಅನ್ನಿಸಿಕೊಳ್ಳುವುದೇ ಮೇಲೆಂದು ಸುಮ್ಮನಾದೆ. ಮನೆಯಲ್ಲಿ ನಮ್ಮವರಿಗೆ ಮಾತ್ರ ಎಲ್ಲ ಗೊತ್ತಿತ್ತು. ಸಂಜೆ ನಾನು ವಿಮಾನ ತಿರುಗಿಸಿದ ಕಥೆಯನ್ನು ಅವರು ಅವರೆಕಾಳು ಬಿಡಿಸುತ್ತಾ ಕೇಳುತ್ತಿದ್ದರು.

ಸ್ವಂತ ಸೆಟ್ಟು ಕೊಳ್ಳುವ ಕಾಲ ಬಂತು. ಡಾಕ್ಟರು ಹೇಳಿದರು: “ಕಂಪ್ಯೂಟರ್ ಸೆಟ್ಟೇ ತಗೊಳ್ಳಿ ಮೇಡಂ. ಪುಟ್ಟ ಸ್ಕ್ರೀನ್ ಇರುತ್ತೆ. ಇವತ್ತು ಒಂದು ಪ್ಲೇನು, ನಾಳೆ ಇನ್ನೊಂದು, ಎಲ್ಲದರ ಜಾತಕಾನೂ ಅದೇ ನೆನಪಿಟ್ಕೊಳ್ಳುತ್ತೆ. ಒಂದೇ ಮಾತು, ಎಕ್ಸಲೇಟರ್, ಅದೇ ಇಂಜಿನ್ ಜೋರು ಮಾಡೋ ಕಡ್ಡಿ, ಎಡಗೈಗಿರೋದನ್ನ ನೋಡಿ ತಗೊಳ್ಳಿ. ನಂದೂ ಹಂಗೇ ಇರೋದು. ನಿಮಗೆ ತೊಂದ್ರೆ ಆದ್ರೆ ಇಸ್ಕೊಂಡು ನಾನು ಇಳಿಸಬಹುದು.”

ಶಿವಮೊಗ್ಗದ ಗಾಂಧಿ ಬಜಾರಿನ ಗಲ್ಲಿಯೊಂದರಲ್ಲಿ ರೇಡಿಯೊ ಬಿಡಿಭಾಗ ಮಾರುವ ಸಾಬರೊಬ್ಬರಿದ್ದರು. ಡಾಕ್ಟರ ಮಾತಿನ ಮೇಲೆ ಅವರು ಬೆಂಗಳೂರಿಂದ ಅಂಥ ಎರಡು ಸೆಟ್ಟು ತರಿಸಿಟ್ಟಿದ್ದರು. ನೋಡಲು ಹೋದೆ. “ಯಾರಿಗೆ ಮೇಡಂ?” ಎಂದರು. ಮಕ್ಕಳಿಗೆ ಪಾಠ ಹೇಳುವ ಬಾಯಿ, ಅಂಗಡಿಯಲ್ಲಿ ಯಾರೂ ಇರಲಿಲ್ಲ, ‘ನನಗೆ’ ಅನ್ನುವುದಕ್ಕೆ ಏನಾಗಿತ್ತು? “ನಮ್ಮನೆಯವ್ರಿಗೆ” ಎಂದೆ. ಸಾಬರಿಗೆ ಬಹಳ ಖುಷಿಯಾಯಿತು. “ವಾಹ್! ಹಂಗಾದ್ರೆ ಸಾಬ್‌ನ ಕರ್ಕೊಂಡ್ ಬನ್ನಿ. ಕೈಗೆ ಹಿಡ್ದು ನೋಡ್ದೆ ಇಂಥಾ ಮಾಲ್ ತಗೋಬಾರ್ದು.”

ಮನೆಗೆ ಬಂದು ಹೇಳಿದೆ. ಗಾಳಿಪಟವನ್ನೂ ಏರಿಸಲು ಬಾರದ ಮನುಷ್ಯ, ನಕ್ಕು “ಆಯ್ತು ಬಿಡು” ಎಂದರು. ಮುಂದಿನ ವಾರ ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟುವವರೆಗೂ ಅವರಿಗೆ ಪಾಠ ಮಾಡಿದೆ. ನೆನಪಿನಲ್ಲಿ ಎಷ್ಟು ವಿಮಾನ ಉಳಿಯುತ್ತವೆ ಅಂತ ಕೇಳಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಕೇಳಿ, ಆಮೇಲೆ ಸುಮ್ಮನೆ ಗಂಭೀರವಾಗಿ ತಲೆಯಾಡಿಸಿ. ಎರಡರಲ್ಲಿ ಸರಿಯಾದದ್ದನ್ನು ನಾನೇ ಕಣ್ಸನ್ನೆಯಲ್ಲಿ ತೋರಿಸಿದರಾಯಿತು ಎಂದುಕೊಂಡಿದ್ದೆ.

ಅಂಗಡಿಯಲ್ಲಿ ಅವರು ನನಗಿಂತ ಚೆನ್ನಾಗಿ ನಟಿಸಿದರು. ಕನ್ನಡಕ ಮೇಲೇರಿಸಿ ಸ್ಕ್ರೀನ್ ನೋಡಿದರು, ಉದ್ದದ ಏರಿಯಲ್ ಎಳೆದು ಸೀಲಿಂಗಿಗೆ ತಾಗಿಸಿದರು. ಅಷ್ಟರಲ್ಲಿ ಸಾಬರು ಕೇಳಿದರು: “ಸಾಬ್, ಇದರಲ್ಲಿ ಎಕ್ಸಲೇಟರ್ ಎಡಕ್ಕೆ, ಅದರಲ್ಲಿ ಬಲಕ್ಕೆ. ನಿಮಗೆ ಯಾವ ಕೈಗೆ ಬೇಕು?”

ಸ್ಕೂಟರ್ ಓಡಿಸುವ ಗಂಡಸಿಗೆ ಇದೊಂದು ಪ್ರಶ್ನೆಯೇ! “ಬಲಗೈಗೇ ಅಲ್ವೇನ್ರೀ ಇರ್ಬೇಕಾದ್ದು?” ಎಂದುಬಿಟ್ಟರು, ಆವತ್ತು ಅವರಿಗೆ ನಿಜವಾಗಿ ಗೊತ್ತಿದ್ದ ಒಂದೇ ವಿಷಯ ಸಿಕ್ಕಿದ ಸಂತೋಷದಲ್ಲಿ. ನಾನು ಪಕ್ಕದಲ್ಲೇ ಇದ್ದೆ. ‘ಎಡಗೈಗೆ’ ಅಂದಿದ್ದರೆ ಮುಗಿಯುತ್ತಿತ್ತು. ಗಂಡನ ಆಟದ ಸಾಮಾನಿನಲ್ಲಿ ಹೆಂಡತಿ ಮೂಗು ತೂರಿಸಿದಳು ಅಂತ ಸಾಬರು ಏನಂದುಕೊಂಡಾರೋ ಎಂಬ ಸಂಕೋಚಕ್ಕೆ ರಸ್ತೆಯಲ್ಲಿ ಹೋಗುವ ಎತ್ತಿನಗಾಡಿಯನ್ನು ನೋಡುತ್ತಾ ನಿಂತೆ. ಸಾಬರು ಸೆಟ್ಟನ್ನು ಪ್ಯಾಕ್ ಮಾಡಿದರು. ಬದಲಾಯಿಸಿ ಎಂದು ಮತ್ತೆ ಹೋಗುವ ಮುಖವೂ ನನಗಿರಲಿಲ್ಲ.

ಕೈಗಳಿಗೆ ಕಲಿತದ್ದನ್ನು ಮರೆಸಿ ಹೊಸದಾಗಿ ಪಳಗಿಸಿಕೊಂಡೆ. ಎಡಗೈಯಲ್ಲಿ ಊಟ ಮಾಡಿದ ಹಾಗೆ ಇರುತ್ತಿತ್ತು. ಡಾಕ್ಟರು ಒಮ್ಮೆ ನನ್ನ ಸೆಟ್ಟು ಹಿಡಿದು ನೋಡಿ ವಾಪಸ್ಸು ಕೊಟ್ಟರು: “ಇದು ನನ್ನ ಕೈಗೆ ಬಗ್ಗಲ್ಲ. ಇನ್ಮೇಲೆ ನಿಮಗೆ ನೀವೇ.” ಅಂತೂ ಕಲಿತೆ. ಕಾಗದನಗರದಾಚೆಯ ಬಯಲಿನಲ್ಲಿ, ನಮ್ಮವರು ಇಂಜಿನ್ ಚಾಲೂ ಮಾಡಿಕೊಟ್ಟರೆ, ಡಾಕ್ಟರು ಕಟ್ಟಿಕೊಟ್ಟಿದ್ದ ಹಳದಿ ರೆಕ್ಕೆಯ ವಿಮಾನ ಏರುತ್ತಿತ್ತು. ಅದು ಮೊದಲ ಸಲ ನನ್ನ ಮಾತು ಕೇಳಿ ದುಂಡಗೆ ತಿರುಗಿ ಬಂದ ದಿನ ನಾನು ಅತ್ತಿದ್ದೆ.

ಒಂದು ಭಾನುವಾರ ಡಾಕ್ಟರೂ ಬಂದಿದ್ದರು. ವಿಮಾನ ಮೇಲಿತ್ತು. ಬಯಲಿನಂಚಿನಲ್ಲಿ ಸ್ಕೂಟರುಗಳು ನಿಂತವು. ನಮ್ಮವರ ಸೆಕ್ಷನ್ನಿನವರು, ಅವರ ಮುಂದೆ ಬಾಯಿ ಜೋರಿನ ನಾಗರಾಜಪ್ಪ. ನನಗೆ ಏನಾಯಿತೋ, ಕೊರಳಿಂದ ಸೆಟ್ಟಿನ ಪಟ್ಟಿ ತೆಗೆದು ನಮ್ಮವರ ಕೈಗೆ ತುರುಕಿ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಹೊದ್ದು ನಿಂತೆ. ವಿಮಾನ ಇನ್ನೂ ಆಕಾಶದಲ್ಲಿದೆ! ಅವರು ಹಸಿ ಬಾಣಂತಿಯ ಮಗುವನ್ನು ಹಿಡಿದ ಹಾಗೆ ಅದನ್ನು ಹಿಡಿದುಕೊಂಡು, “ಏನ್ ಮಾಡ್ಲೇ?” ಎಂದು ತುಟಿಯಲ್ಲೇ ಕೇಳಿದರು. “ಎಡಗಡೆ, ಮೆಲ್ಲಗೆ” ಎಂದು ಪಿಸುಗುಟ್ಟಿದೆ. ರೆಕ್ಕೆ ವಾಲಿತು, ಮೂತಿ ಕೆಳಗಾಯಿತು. ಡಾಕ್ಟರು ಓಡಿ ಬಂದರು, ಸೆಟ್ಟು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಕಿತ್ತುಕೊಳ್ಳಬಹುದಿತ್ತು. ನನ್ನ ಕೈಗಳು ಸೆರಗಿನೊಳಗೇ ಇದ್ದವು. ವಿಮಾನ ನೆಲಕ್ಕೆ ಬಡಿದು ಚೂರಾಯಿತು.

ನಾಗರಾಜಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ ಪೈಲಟ್ ಸಾಹೇಬ್ರೇ, ಅಕೌಂಟ್ಸೇ ವಾಸಿ ಅಲ್ವಾ?” ನಮ್ಮವರು ನನ್ನ ಕಡೆ ತಿರುಗಿಯೂ ನೋಡದೆ, “ಇವತ್ತು ಗಾಳಿ ಸರಿ ಇರ್ಲಿಲ್ಲ ಮಾರಾಯ” ಎಂದರು. ಎಲೆಯೂ ಅಲುಗದ ಬೆಳಗು ಅದು. ಅಂದಿನಿಂದ ಆಫೀಸಿನಲ್ಲಿ ಅವರು ಪೈಲಟ್ ಆದರು. ನಿವೃತ್ತಿಯ ದಿನದ ಭಾಷಣದಲ್ಲೂ ಯಾರೋ ಆ ಮಾತು ತೆಗೆದು ನಗಿಸಿದರಂತೆ. ಮನೆಗೆ ಬಂದು ಹಾರ ತೆಗೆದಿಡುತ್ತಾ ಅವರೂ ನಕ್ಕರು. ನನಗೆ ನಗು ಬರಲಿಲ್ಲ. ಡಾಕ್ಟರು ಊರು ಬಿಡುವವರೆಗೆ ನಾನು ಬೇರೊಂದು ವಿಮಾನ ಕಟ್ಟಿಸಿಕೊಂಡು ಹಾರಿಸುತ್ತಲೇ ಇದ್ದೆ, ಯಾರೂ ಬಾರದ ಹೊತ್ತು ನೋಡಿಕೊಂಡು. ಆಟ ನನ್ನದು, ನಗೆಪಾಟಲು ಅವರದು ಎಂಬ ಏರ್ಪಾಡು ಹಾಗೆಯೇ ಉಳಿದುಬಿಟ್ಟಿತು.

ಬೆಳಗಿನ ಫೋನು ನಾಗರಾಜಪ್ಪನವರದೇ. ಮಗಳ ಮದುವೆಯಾಗಿದೆ, ಅಳಿಯನನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದರು. ಬಂದರು. ಕೂತ ಕೂಡಲೇ ಅಳಿಯನಿಗೆ, “ಇವ್ರೇ ನೋಡಪ್ಪ ನಮ್ಮ ಪೈಲಟ್ಟು. ಇವ್ರು ವಿಮಾನ ಬೀಳ್ಸಿದ್ದನ್ನ ಕಣ್ಣಾರೆ ನೋಡಿದೀನಿ” ಎಂದು ಶುರು ಮಾಡಿದರು. ನಮ್ಮವರು ಎಣ್ಣೆ ಹಚ್ಚಿದ ಮಂಡಿ ನೀವಿಕೊಳ್ಳುತ್ತಾ ಎಂದಿನ ನಗು ನಕ್ಕರು. ಹಾಗೆ ನಗಲು ಅವರು ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಾರೆ ಅನ್ನಿಸಿತು.

“ಹಾರಿಸ್ತಿದ್ದಿದ್ದು ಅವ್ರಲ್ಲ, ನಾನು” ಎಂದೆ, ಕಾಫಿಯ ತಟ್ಟೆ ಹಿಡಿದುಕೊಂಡೇ.

ನಾಗರಾಜಪ್ಪ ಒಂದು ಗಳಿಗೆ ನೋಡಿ ಜೋರಾಗಿ ನಕ್ಕರು. “ನೋಡಿದ್ಯೇನಪ್ಪ? ಹೆಂಡ್ತಿ ಅಂದ್ರೆ ಹಿಂಗಿರ್ಬೇಕು. ಗಂಡನ್ನ ಬಿಟ್ಟುಕೊಡಲ್ಲ ಅಮ್ಮಾವ್ರು!”

ಅಳಿಯನೂ ಮೆಚ್ಚಿಕೊಂಡು ತಲೆಯಾಡಿಸಿದ. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಕೊನೆಗೂ ಉಗುಳಿದರೆ, ಒಳ್ಳೆಯ ಹೆಂಡತಿ ಎಂಬ ಬಿರುದೂ ಬಿಟ್ಟಿಯಾಗಿ ಬಂತು. ಇದಕ್ಕಿಂತ ನಾಚಿಕೆ ಬೇರೆ ಇಲ್ಲ. ನಮ್ಮವರ ಕಡೆ ನೋಡಿದೆ. ಅವರು ನಗುವುದನ್ನು ನಿಲ್ಲಿಸಿದ್ದರು. ಕಾಲು ಮಡಿಸಿಕೊಂಡು, ಎದುರಿನ ಕುರ್ಚಿಯ ಮೇಲಿದ್ದ ಪೇಪರನ್ನು ತೆಗೆದು ನನಗೆ ಜಾಗ ಮಾಡಿದರು.

ತಟ್ಟೆ ಕೆಳಗಿಟ್ಟು ಕೂತೆ. “ಕಾಫಿ ಆರಿದ್ರೆ ಮತ್ತೆ ಮಾಡ್ತೀನಿ ನಾಗರಾಜಪ್ಪನವ್ರೇ, ಈಗ ಕೇಳಿ” ಎಂದೆ. “ಆವತ್ತು ನಿಮ್ಮನ್ನ ನೋಡಿ ನಾಚ್ಕೊಂಡು, ಮೇಲಿದ್ದ ವಿಮಾನ ಹಂಗೇ ಬಿಟ್ಟು, ಸೆಟ್ಟು ತೆಗ್ದು ಇವ್ರ ಕೈಗೆ ಕೊಟ್ಟವಳು ನಾನು.”